ಉಸಿರು, ಅರಿವು, ಅಪ್ರಮಾದ

ಹಿಂಸೆ ಎಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಮಾಡಿದ ಕೃತ್ಯ. ಎತ್ತಿದ ಕೈ, ಚುಚ್ಚಿದ ಮಾತು, ನೋಡದೆ ಇಟ್ಟ ಹೆಜ್ಜೆಯ ಕೆಳಗೆ ನಲುಗಿದ ಜೀವ, ಇವೆಲ್ಲ ಹಿಂಸೆಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಮಾಡಬೇಕಾದುದನ್ನು ಮಾಡದೆ ಬಿಟ್ಟಾಗ ಒಂದು ಪ್ರಾಣಕ್ಕೆ ಹಾನಿಯಾದರೆ ಅದು ಯಾವ ಲೆಕ್ಕಕ್ಕೆ ಸೇರಬೇಕು? ಅರಿಯದೆ ಬಿಟ್ಟದ್ದಕ್ಕೂ ಅರಿತೂ ಬಿಟ್ಟದ್ದಕ್ಕೂ ಇರುವ ಅಂತರವೇನು? ಈ ಪ್ರಶ್ನೆಗಳನ್ನು ಕೇವಲ ತರ್ಕದಿಂದ ಬಿಡಿಸಹೊರಟರೆ ಅವು ಕೈಗೆ ಸಿಗುವುದು ಕಷ್ಟ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನಡೆಯುವ ಒಂದು ಸರಳ ಚಿಕಿತ್ಸೆಯ ಇತಿಹಾಸವು ಇವುಗಳ ಮೇಲೆ ಸಾಕಷ್ಟು ಬೆಳಕು ಚೆಲ್ಲುತ್ತದೆ. ಉಸಿರಾಟ ಕುಸಿದ ರೋಗಿಯನ್ನು ಅಂಗಾತ ಮಲಗಿಸದೆ ಬೋರಲಾಗಿ ಮಲಗಿಸುವುದೇ ಆ ಚಿಕಿತ್ಸೆ.

ಜೈನಾಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ಅದರ ಮುಂದೆ ಪ್ರಮಾದವನ್ನು ನಿಲ್ಲಿಸಿದರು. ಎಚ್ಚರಗೇಡಿಯಾದ ಮನೋವಾಕ್ಕಾಯಗಳಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಜೀವವು ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆಯುವವನಿಗೆ ಕೇವಲ ಬಾಹ್ಯ ಹಾನಿಯಿಂದ ಬಂಧವಿಲ್ಲ ಎಂಬ ಆಶಯವನ್ನು ಕುಂದಕುಂದಾಚಾರ್ಯರ ಪ್ರವಚನಸಾರದಲ್ಲಿಯೂ ಕಾಣಬಹುದು. ಇನ್ನು ಪ್ರಾಣಗಳಾದರೋ ಹತ್ತು: ಐದು ಇಂದ್ರಿಯಗಳು, ಮನಸ್ಸು ಮಾತು ಕಾಯಗಳೆಂಬ ಮೂರು ಬಲಗಳು, ಆಯುಷ್ಯ, ಮತ್ತು ಉಚ್ಛ್ವಾಸ-ನಿಃಶ್ವಾಸ. ಹೀಗೆ ಉಸಿರಾಟಕ್ಕೆ ಪ್ರಾಣಗಳ ಎಣಿಕೆಯಲ್ಲಿ ಪ್ರತ್ಯೇಕ ಸ್ಥಾನವಿದೆ. ಆದ್ದರಿಂದ ಒಬ್ಬನ ಉಸಿರು ಕುಂದುತ್ತಿರುವಾಗ ಬಳಿಯಲ್ಲಿರುವವರ ಎಚ್ಚರ ಎಂಥದು ಎಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ.

ನ್ಯುಮೋನಿಯ, ರಕ್ತಕ್ಕೆ ಹರಡಿದ ಸೋಂಕು, ದೊಡ್ಡ ಅಪಘಾತದ ಗಾಯ ಮುಂತಾದ ಕಾರಣಗಳಿಂದ ಕೆಲವರ ಶ್ವಾಸಕೋಶಗಳೆರಡೂ ಉರಿಯೂತದಿಂದ ಊದಿ, ಗಾಳಿ ಇರಬೇಕಾದ ಪುಟ್ಟ ಚೀಲಗಳಲ್ಲಿ ದ್ರವ ತುಂಬಿಕೊಳ್ಳುತ್ತದೆ. ಎಷ್ಟು ಆಮ್ಲಜನಕ ಕೊಟ್ಟರೂ ರಕ್ತಕ್ಕೆ ಅದು ಸೇರದು. ಅಮೆರಿಕದ ಡೆನ್ವರ್ ನಗರದ ವೈದ್ಯರು 12 ರೋಗಿಗಳಲ್ಲಿ ಈ ಸ್ಥಿತಿಯನ್ನು ಗುರುತಿಸಿ 1967ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರ್ಣಿಸಿದರು. ಇಂದು ಅದನ್ನು ಎ.ಆರ್.ಡಿ.ಎಸ್. ಎಂದು ಕರೆಯುತ್ತಾರೆ. ಇಂಥ ರೋಗಿಗೆ ಔಷಧದಿಂದ ಪ್ರಜ್ಞೆ ತಗ್ಗಿಸಿ, ಗಂಟಲೊಳಗೆ ನಳಿಕೆಯಿಳಿಸಿ, ವೆಂಟಿಲೇಟರ್ ಯಂತ್ರದ ಮೂಲಕ ಉಸಿರು ಕೊಡಬೇಕಾಗುತ್ತದೆ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಉಸಿರು ಕೊಡುವ ಯಂತ್ರವೇ ಶ್ವಾಸಕೋಶವನ್ನು ಗಾಯಗೊಳಿಸಬಲ್ಲದು. ರೋಗದಿಂದ ಬಹುಭಾಗ ಮುಚ್ಚಿಹೋಗಿರುವ ಶ್ವಾಸಕೋಶದಲ್ಲಿ ಗಾಳಿಗೆ ತೆರೆದಿರುವ ಭಾಗ ಚಿಕ್ಕ ಮಗುವಿನ ಶ್ವಾಸಕೋಶದಷ್ಟೇ ಉಳಿದಿರಬಹುದು. ಬೆಳೆದವರ ಅಳತೆಯ ಗಾಳಿಯನ್ನು ಅದರೊಳಗೆ ತಳ್ಳಿದರೆ ಉಳಿದಿದ್ದುದೂ ಹಿಗ್ಗಿ ಹರಿಯುತ್ತದೆ. 861 ರೋಗಿಗಳ ಮೇಲೆ ನಡೆದು 2000ನೆಯ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಗಾಳಿಯ ಅಳತೆಯನ್ನು ಅರ್ಧಕ್ಕಿಳಿಸಿದಾಗ ಸಾವಿನ ಪ್ರಮಾಣ ಶೇಕಡ 39.8ರಿಂದ 31ಕ್ಕೆ ಇಳಿದುದನ್ನು ತೋರಿಸಿತು. ಹೆಚ್ಚು ಕೊಡುವುದೇ ಹೆಚ್ಚು ಉಪಕಾರವೆಂಬ ಭಾವನೆ ಇಲ್ಲಿ ಸುಳ್ಳಾಯಿತು. ಉಪಕಾರದ ಸಾಧನವನ್ನೂ ಅಳತೆಯರಿತು ಬಳಸಬೇಕು. ಅಳತೆ ತಪ್ಪಿದಲ್ಲಿ ಉಪಕಾರವೇ ಘಾತವಾಗುತ್ತದೆ.

ಬೋರಲು ಮಲಗಿಸುವ ಚಿಕಿತ್ಸೆಯ ಮರ್ಮವೂ ಇದಕ್ಕೆ ಸಂಬಂಧಿಸಿದ್ದೇ. ಶ್ವಾಸಕೋಶದ ಹೆಚ್ಚಿನ ಭಾಗವಿರುವುದು ಬೆನ್ನಿನ ಕಡೆಗೆ. ರೋಗಿ ಅಂಗಾತ ಮಲಗಿದಾಗ ಹೃದಯದ ತೂಕ, ಹೊಟ್ಟೆಯ ಒತ್ತಡ, ದ್ರವ ತುಂಬಿ ಭಾರವಾದ ಶ್ವಾಸಕೋಶದ ತನ್ನದೇ ಭಾರ ಎಲ್ಲವೂ ಆ ಬೆನ್ನಿನ ಭಾಗದ ಮೇಲೆ ಬೀಳುತ್ತವೆ. ನೀರು ತುಂಬಿದ ಸ್ಪಂಜಿನ ಕೆಳಪದರಗಳು ಅದುಮಿ ಹೋಗುವಂತೆ ಅಲ್ಲಿನ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅಲ್ಲಿಗೇ ಹೆಚ್ಚಾಗಿ ಹರಿಯುತ್ತಿರುತ್ತದೆ. ಗಾಳಿಯಿಲ್ಲದೆಡೆಗೆ ಹೋದ ರಕ್ತ ಆಮ್ಲಜನಕವಿಲ್ಲದೆ ಹಿಂದಿರುಗುತ್ತದೆ. ರೋಗಿಯನ್ನು ಮಗುಚಿ ಬೋರಲಾಗಿಸಿದರೆ ಹೃದಯ ಎದೆಯ ಮೂಳೆಯ ಕಡೆಗೆ ಒರಗುತ್ತದೆ, ಬೆನ್ನಿನ ಕಡೆಯ ಚೀಲಗಳು ತೆರೆಯುತ್ತವೆ, ಯಂತ್ರದ ಗಾಳಿಯ ಒತ್ತಡ ಒಂದೆಡೆಯೇ ಬೀಳದೆ ಎಲ್ಲೆಡೆಗೆ ಸಮನಾಗಿ ಹಂಚಿಹೋಗುತ್ತದೆ. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ದೇಹ ಮಲಗಿರುವ ಬಗೆಯಷ್ಟೇ ಬದಲಾದದ್ದು.

ಇಷ್ಟು ಸರಳವಾದ ಸಂಗತಿಯ ನಿಜವನ್ನು ಖಚಿತಪಡಿಸಿಕೊಳ್ಳಲು ಸುಮಾರು 40 ವರ್ಷ ಹಿಡಿಯಿತು. ಬೋರಲು ಮಲಗಿದರೆ ಬೆನ್ನಿನ ಕಡೆಯ ಶ್ವಾಸಕೋಶ ಚೆನ್ನಾಗಿ ಹಿಗ್ಗಬಹುದೆಂಬ ಸಲಹೆ 1974ರಲ್ಲಿ ಬಂದಿತು. 1976ರಲ್ಲಿ ಐವರು ರೋಗಿಗಳಲ್ಲಿ ಆಮ್ಲಜನಕದ ಮಟ್ಟ ಏರಿದ ವರದಿ ಪ್ರಕಟವಾಯಿತು. ಆಮೇಲೆ ಅನೇಕರು ಇದನ್ನು ಕಂಡು ಸಂತೋಷಪಟ್ಟರು. ಆದರೆ ಇಟಲಿ ಮತ್ತು ಸ್ವಿಟ್ಜರ್ಲೆಂಡುಗಳ 304 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ಆ ಸಂತೋಷಕ್ಕೆ ತಡೆಯೊಡ್ಡಿತು. ಆಮ್ಲಜನಕ ಏರಿದ್ದು ನಿಜ, ಆದರೆ ಬದುಕಿ ಉಳಿದವರ ಸಂಖ್ಯೆ ಹೆಚ್ಚಲಿಲ್ಲ. ಫ್ರಾನ್ಸಿನಲ್ಲಿ 791 ರೋಗಿಗಳ ಮೇಲೆ ನಡೆದು 2004ರಲ್ಲಿ ಹೊರಬಂದ ಅಧ್ಯಯನವೂ ಅದನ್ನೇ ಹೇಳಿತು. ಕಣ್ಣಿಗೆ ಕಾಣುವ ಅಂಕಿ ಸುಧಾರಿಸಿದ ಮಾತ್ರಕ್ಕೆ ಜೀವಕ್ಕೆ ಹಿತವಾಯಿತೆಂದು ತಿಳಿಯಬಾರದೆಂಬ ಪಾಠವನ್ನು ಈ ವೈದ್ಯರು ತಮ್ಮ ಆಸೆಗೆ ವಿರುದ್ಧವಾಗಿಯೂ ಒಪ್ಪಿ ಪ್ರಕಟಿಸಿದರು. ಸತ್ಯವ್ರತವು ಮಾತಿನಲ್ಲಿ ಮಾತ್ರವಲ್ಲದೆ ಎಣಿಕೆಯಲ್ಲಿಯೂ ಪಾಲನೆಯಾಗಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆ ಬಳಿಕ ಫ್ರಾನ್ಸಿನ ಲಿಯೋನ್ ನಗರದ ಕ್ಲೋದ್ ಗೆರಾಂ ಅವರ ನೇತೃತ್ವದ ತಂಡ ಪ್ರಶ್ನೆಯನ್ನೇ ತಿದ್ದಿಕೊಂಡಿತು. ಎಲ್ಲ ರೋಗಿಗಳನ್ನಲ್ಲ, ತೀವ್ರ ಸ್ಥಿತಿಯವರನ್ನು ಮಾತ್ರ ಆರಿಸುವುದು; ಕೆಲವೇ ಗಂಟೆಗಳಲ್ಲ, ಒಂದೊಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲಾಗಿಡುವುದು; ಈ ಕೆಲಸದಲ್ಲಿ ವರ್ಷಗಳ ಅನುಭವವಿರುವ ಘಟಕಗಳಲ್ಲಿಯೇ ನಡೆಸುವುದು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ರೀತಿಯಲ್ಲಿ ಪಕ್ಷಪಾತವಿಲ್ಲದೆ ನಿರ್ಧರಿಸಲಾಯಿತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಂಗಾತ ಮಲಗಿಸಿದ 229 ಮಂದಿಯಲ್ಲಿ 28 ದಿನಗಳೊಳಗೆ 75 ಮಂದಿ ತೀರಿಕೊಂಡಿದ್ದರು. ಬೋರಲಾಗಿಸಿದ 237 ಮಂದಿಯಲ್ಲಿ ತೀರಿಕೊಂಡವರು 38. ಶೇಕಡ 32.8 ಮತ್ತು 16. ಸಾವು ಅರ್ಧಕ್ಕಿಳಿದಿತ್ತು.

ಈ ಅಂಕಿಗಳನ್ನು ಓದಿದವರಿಗೆ ಏಳುವ ಮೊದಲ ನೈತಿಕ ಪ್ರಶ್ನೆ ಆ 229 ಮಂದಿಯ ಕುರಿತದ್ದು. ಅವರನ್ನು ಅಂಗಾತವೇ ಬಿಟ್ಟದ್ದು ಹಿಂಸೆಯಾಗಲಿಲ್ಲವೇ? ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರಲ್ಲವೇ? ಪ್ರಶ್ನೆ ಕಠಿಣವಾದರೂ ಉತ್ತರ ಅಸ್ಪಷ್ಟವಲ್ಲ. ಅಲ್ಲಿಯವರೆಗಿನ ದೊಡ್ಡ ಅಧ್ಯಯನಗಳು ಬೋರಲು ಮಲಗಿಸುವುದರಿಂದ ಜೀವ ಉಳಿಯುವುದೆಂದು ತೋರಿಸಿರಲಿಲ್ಲ. ಹಾಗೆ ಮಲಗಿಸುವುದರಲ್ಲಿ ಅಪಾಯಗಳೂ ಇದ್ದುವು. ಆ 229 ಮಂದಿಗೆ ಆ ಕಾಲದ ಅರಿವಿಗೆ ನಿಲುಕಿದ ಚಿಕಿತ್ಸೆ ಸಂದಿತು, ನಿಗಾ ಸಂದಿತು. ಎರಡು ದಾರಿಗಳಲ್ಲಿ ಹಿತವಾದುದು ಯಾವುದೆಂದು ನಿಜವಾಗಿಯೂ ತಿಳಿಯದಿದ್ದಾಗ, ತಿಳಿಯುವುದಕ್ಕಾಗಿ ಪಟ್ಟ ನಿಷ್ಠೆಯ ಪ್ರಯತ್ನ ಪ್ರಮಾದವಾಗದು. ತಿಳಿಯದೆಯೇ ತಿಳಿದಂತೆ ನಟಿಸುವುದು ಪ್ರಮಾದವಾದೀತು.

ಹಳೆಯ ಅಧ್ಯಯನಗಳು ಸುಳ್ಳಾದುವೆಂದೂ ಹೇಳುವಂತಿಲ್ಲ. 2001ರಲ್ಲಿ ರೋಗಿಗಳು ದಿನಕ್ಕೆ ಸರಾಸರಿ ಏಳು ಗಂಟೆ ಮಾತ್ರ ಬೋರಲಾಗಿದ್ದರು. ಅಷ್ಟು ತೀವ್ರವಲ್ಲದ ಸ್ಥಿತಿಯವರೂ ಅವರಲ್ಲಿದ್ದರು. ಆ ಅಪೇಕ್ಷೆಯಿಂದ ಪ್ರಯೋಜನವಿಲ್ಲವೆಂಬುದು ನಿಜ. ತೀವ್ರ ಸ್ಥಿತಿ, ದೀರ್ಘ ಅವಧಿ, ಪಳಗಿದ ಕೈಗಳು ಎಂಬ ಅಪೇಕ್ಷೆಯಿಂದ ಪ್ರಯೋಜನವಿದೆಯೆಂಬುದೂ ನಿಜ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಹೇಳದೆ ಆಡಿದ ಮಾತು ಅರೆಮಾತೆಂದು ಸ್ಯಾದ್ವಾದ ಎಚ್ಚರಿಸುವುದು ಇದನ್ನೇ. ರೋಗಿಯ ಹಾಸಿಗೆಯ ಬಳಿ ಈ ಎಚ್ಚರ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ. ಯಾರಿಗೆ, ಎಷ್ಟು ಹೊತ್ತು, ಯಾರ ಕೈಯಿಂದ ಎಂಬ ಮೂರು ಪ್ರಶ್ನೆಗಳಾಗಿ ಎದುರು ನಿಲ್ಲುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಗುರುತರವಾದದ್ದು. 2013ರ ಬಳಿಕ ಅಂಥದೇ ರೋಗಿಯನ್ನು ಅಂಥದೇ ಹಾಸಿಗೆಯಲ್ಲಿ ಅಂಗಾತವೇ ಬಿಟ್ಟರೆ, ಹೊರನೋಟಕ್ಕೆ ಕೃತ್ಯ ಮೊದಲಿನದೇ. ಆದರೆ ಅದರ ನೈತಿಕ ಸ್ವರೂಪ ಬದಲಾಗಿದೆ, ಏಕೆಂದರೆ ಅರಿವು ಬದಲಾಗಿದೆ. 50 ದೇಶಗಳ 459 ತೀವ್ರ ನಿಗಾ ಘಟಕಗಳಲ್ಲಿ 2014ರ ಚಳಿಗಾಲದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಅತಿ ತೀವ್ರ ಸ್ಥಿತಿಯಲ್ಲಿದ್ದವರಲ್ಲಿಯೂ ಬೋರಲು ಮಲಗಿಸುವ ಚಿಕಿತ್ಸೆ ದೊರೆತದ್ದು ಶೇಕಡ 16.3 ಮಂದಿಗೆ ಮಾತ್ರ. ಹೊಸ ತಿಳಿವಳಿಕೆ ಎಲ್ಲೆಡೆ ಹರಡಲು ಕಾಲ ಬೇಕೆಂಬುದು ಸರಿಯೇ. ಆದರೆ ಇನ್ನೂ ಕೆಲವು ವರ್ಷಗಳ ನಂತರ, 2018ರಲ್ಲಿ ಪ್ರಕಟವಾದ ಮತ್ತೊಂದು ಸಮೀಕ್ಷೆಯಲ್ಲಿಯೂ ಆ ಸಂಖ್ಯೆ ಶೇಕಡ 32.9ಕ್ಕೆ ಮಾತ್ರ ಏರಿತ್ತು. ಮಗುಚದಿರಲು ವೈದ್ಯರು ಕೊಟ್ಟ ಮುಖ್ಯ ಕಾರಣ, ಆಮ್ಲಜನಕದ ಕೊರತೆ ಅಷ್ಟೊಂದು ತೀವ್ರವಾಗಿಲ್ಲ ಎಂಬುದು. 2016ರ ಸಮೀಕ್ಷೆ ಮತ್ತೊಂದು ಸಂಗತಿಯನ್ನೂ ಬಯಲಿಗೆ ತಂದಿತು: ಎ.ಆರ್.ಡಿ.ಎಸ್. ಇದ್ದ ರೋಗಿಗಳಲ್ಲಿ ವೈದ್ಯರು ಅದನ್ನು ಅದೆಂದು ಗುರುತಿಸಿದ್ದು ಸುಮಾರು ಶೇಕಡ 60ರಷ್ಟು ಸಂದರ್ಭಗಳಲ್ಲಿ. ನೋಡಿಯೂ ಕಾಣದಿರುವುದು, ಕಂಡೂ ಮಾಡದಿರುವುದು, ಹೀಗೆ ಪ್ರಮಾದಕ್ಕೆ ಎರಡು ಬಾಗಿಲುಗಳು.

ಈ ವೈದ್ಯರನ್ನು ದೂಷಿಸುವುದು ಸುಲಭ, ಆದರೆ ಅಷ್ಟರಿಂದ ತಿಳಿವಳಿಕೆ ಬೆಳೆಯದು. ಮಾಡದಿರಲು ಕಾರಣವೇನೆಂಬುದನ್ನು ನೋಡಬೇಕಾದರೆ ಮಗುಚುವ ಕೆಲಸ ಹೇಗಿರುತ್ತದೆಂದು ತಿಳಿಯಬೇಕು. ರೋಗಿಗೆ ಪ್ರಜ್ಞೆಯಿಲ್ಲ, ತನ್ನ ಭಾರವನ್ನು ತಾನು ಹೊರಲಾರ. ಗಂಟಲಿನ ನಳಿಕೆ, ರಕ್ತನಾಳಗಳ ಕೊಳವೆಗಳು, ಮೂತ್ರದ ಕೊಳವೆ, ಎದೆಗಂಟಿಸಿದ ತಂತಿಗಳು ಯಾವುದೂ ಕೀಳಬಾರದು. ತಲೆಯ ಬಳಿ ನಿಂತವರು ನಳಿಕೆಯನ್ನು ಹಿಡಿದು, ಅವರು ಎಣಿಸಿದ ಲೆಕ್ಕಕ್ಕೆ ಸರಿಯಾಗಿ ಎರಡೂ ಬದಿಯವರು ಒಟ್ಟಾಗಿ ಎತ್ತಬೇಕು, ಸರಿಸಬೇಕು, ಒಂದು ಮಗ್ಗುಲಿಗೆ ತಿರುಗಿಸಿ ನಿಲ್ಲಿಸಬೇಕು, ಬಳಿಕ ಬೋರಲಾಗಿಸಬೇಕು. ಇದಕ್ಕೆ ನಾಲ್ಕೈದು ಜನರಾದರೂ ಬೇಕು. ಆಮೇಲೆ ಕಣ್ಣುಗಳನ್ನು ಮುಚ್ಚಿ ಕಾಪಾಡಬೇಕು. ಹಣೆ, ಕೆನ್ನೆ, ಗದ್ದ, ಎದೆ, ಮೊಣಕಾಲುಗಳ ಕೆಳಗೆ ಮೆತ್ತೆಯಿಡಬೇಕು. ಕೆಲವು ಗಂಟೆಗಳಿಗೊಮ್ಮೆ ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿ ತೋಳುಗಳ ಇರವನ್ನು ಬದಲಿಸಬೇಕು. 16 ಗಂಟೆಯ ನಂತರ ಮತ್ತೆ ಅಂಗಾತ, ಮರುದಿನ ಮತ್ತೆ ಬೋರಲು. ಕೈ ಸಾಲದ ರಾತ್ರಿಪಾಳಿಯಲ್ಲಿ ‘ಬೆಳಗಾಗಲಿ, ನೋಡೋಣ’ ಎಂಬ ಮಾತು ಎಷ್ಟು ಸಹಜವಾಗಿ ಬರುತ್ತದೆಂಬುದು ಇದರಿಂದ ತಿಳಿಯುತ್ತದೆ. ಪ್ರಮಾದ ಯಾವಾಗಲೂ ದುಷ್ಟತನದ ರೂಪದಲ್ಲಿ ಬರುವುದಿಲ್ಲ. ಬಹುತೇಕ ಅದು ದಣಿವಿನ ರೂಪದಲ್ಲಿ, ಮುಂದೂಡುವ ರೂಪದಲ್ಲಿ ಬರುತ್ತದೆ.

ಮುನಿಗಳ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣವೂ ಒಂದು. ಪಿಂಛಿ, ಕಮಂಡಲು, ಶಾಸ್ತ್ರ ಯಾವುದನ್ನೇ ಆಗಲಿ ತೆಗೆದುಕೊಳ್ಳುವಾಗಲೂ ಇಡುವಾಗಲೂ ಮೊದಲು ನೋಡಿ, ಶೋಧಿಸಿ, ಮೃದುವಾಗಿ ವ್ಯವಹರಿಸಬೇಕೆಂಬ ನಿಯಮವದು. ಜಡವಸ್ತುವನ್ನು ಎತ್ತಿಡುವಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ನೋವಾಯಿತೆಂದು ಹೇಳಲೂ ಶಕ್ತಿಯಿಲ್ಲದ ಪಂಚೇಂದ್ರಿಯ ಜೀವಿಯ ದೇಹವನ್ನು ಎತ್ತಿ ಇಡುವಲ್ಲಿ ಎಷ್ಟು ಎಚ್ಚರ ಬೇಕು? ಈ ಕೆಲಸದಲ್ಲಿ ಹಾನಿಯೂ ಸಂಭವಿಸುತ್ತದೆ. ಬೋರಲಾಗಿಸಿದವರಲ್ಲಿ ಒತ್ತಡದಿಂದಾಗುವ ಹುಣ್ಣುಗಳು ಹೆಚ್ಚೆಂಬುದು ಅಧ್ಯಯನಗಳಿಂದ ತಿಳಿದಿದೆ. ಕೆಲವೊಮ್ಮೆ ನಳಿಕೆ ಕಟ್ಟಿಕೊಳ್ಳುತ್ತದೆ. ಬದುಕಿ ಬಂದವರ ಕೆನ್ನೆಯ ಮೇಲೆ ಗಾಯದ ಗುರುತು ಉಳಿಯಬಹುದು. ಹಿತವನ್ನೇ ಬಯಸಿ, ಬಲ್ಲಷ್ಟು ಎಚ್ಚರ ವಹಿಸಿದ ಮೇಲೂ ಆದ ಗಾಯಕ್ಕೂ, ಮೆತ್ತೆಯಿಡುವ ಸೋಮಾರಿತನದಿಂದ ಆದ ಗಾಯಕ್ಕೂ ಚರ್ಮದ ಮೇಲೆ ಭೇದ ಕಾಣದು, ಭಾವದಲ್ಲಿ ಭೇದವಿದೆ. ಆದರೆ ಶುಭಭಾವವೊಂದೇ ಸಾಲದು. ಭಾವ ಶುದ್ಧವಾಗಿದೆ ಎಂಬ ನೆಮ್ಮದಿಯಲ್ಲಿ ಮೆತ್ತೆಯನ್ನು ಮರೆತರೆ ಆ ನೆಮ್ಮದಿಯೂ ಪ್ರಮಾದವೇ ಆಗುತ್ತದೆ.

ಅಂತರಂಗ ತಪಗಳಾರರಲ್ಲಿ ವೈಯಾವೃತ್ಯವನ್ನು ಎಣಿಸಿರುವುದೂ, ಸೇವೆಗೆ ಅರ್ಹರಾದ ಹತ್ತು ವಿಧದವರಲ್ಲಿ ಗ್ಲಾನರನ್ನು ಅಂದರೆ ರೋಗಪೀಡಿತರನ್ನು ಸೇರಿಸಿರುವುದೂ ಈ ಸಂದರ್ಭದಲ್ಲಿ ಸ್ಮರಣೀಯ. ಆ ಮಾತು ಮೂಲತಃ ಸಾಧುಸಂಘಕ್ಕೆ ಸಂಬಂಧಿಸಿದ್ದು. ಆದರೂ ಅದರ ಬೆಳಕು ಶ್ರಾವಕನ ಮನೆಗೂ ಬೀಳುತ್ತದೆ. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾಗಿ ಉದ್ದಾಯನ ಮಹಾರಾಜನನ್ನು ಹೇಳುವುದುಂಟು. ರೋಗಿ ಮುನಿಯ ವಾಂತಿಗೆ ಹೇಸದೆ ತನ್ನ ಕೈಯಿಂದಲೇ ಶುಚಿಗೊಳಿಸಿದ ಆ ಅರಸನ ಕಥೆ ಎಲ್ಲರಿಗೂ ತಿಳಿದಿದೆ. ಬೋರಲು ಮಲಗಿದ ರೋಗಿಯ ಬಾಯಿಂದ ಜೊಲ್ಲು, ಕಫ ಸುರಿಯುತ್ತಲೇ ಇರುತ್ತವೆ. ಮುಖ ಊದಿ ಗುರುತು ಸಿಗದಂತಾಗುತ್ತದೆ. ಅದನ್ನು ಒರೆಸುತ್ತ ಗಂಟೆಗಟ್ಟಲೆ ನಿಲ್ಲುವ ದಾದಿಯರೂ ಆಯಾಗಳೂ ವಾರ್ಡ್‌ಬಾಯ್‌ಗಳೂ ಉದ್ದಾಯನನ ಹಾದಿಯಲ್ಲಿಯೇ ಇದ್ದಾರೆ. ಅವರನ್ನು ಸಂಬಳದ ಆಳುಗಳೆಂದು ಮಾತ್ರ ಕಾಣುವ ಕುಟುಂಬ ಆ ಕಥೆಯನ್ನು ಕೇಳಿಯೂ ಕೇಳದಂತೆಯೇ ಸರಿ.

ರೋಗಿಯ ಬಂಧುಗಳ ಪಾತ್ರವೂ ಚಿಕ್ಕದಲ್ಲ. ಅಪ್ಪನನ್ನೋ ಅಮ್ಮನನ್ನೋ ನೋಡಲು ಬಂದವರಿಗೆ ಮುಖದ ಬದಲು ಬೆನ್ನು ಕಂಡರೆ ಎದೆ ಒಡೆಯುವುದು ಸಹಜ. ಬೋರಲು ಮಲಗಿಸುವುದನ್ನು ಅಶುಭವೆಂದೂ ಅಗೌರವವೆಂದೂ ಭಾವಿಸಿ ‘ಸರಿಯಾಗಿ ಮಲಗಿಸಿ’ ಎಂದು ಬೇಡಿಕೊಳ್ಳುವವರಿರಬಹುದು. ರೋಗಿ ಮಾತನಾಡಲಾರನಾದ್ದರಿಂದ ಅವನ ಪರವಾಗಿ ಕೇಳುವ ಹಕ್ಕು ಬಂಧುಗಳಿಗಿದೆ. ಮೊದಲೇ ತಿಳಿಸುವ ಹೊಣೆ ವೈದ್ಯರಿಗಿದೆ. ಏಕೆ ಮಗುಚುತ್ತೇವೆ, ಎಷ್ಟು ಹೊತ್ತು, ಯಾವ ಗಾಯಗಳಾಗಬಹುದು ಎಂಬ ನಾಲ್ಕು ಮಾತನ್ನು ಮುಂಚೆಯೇ ಹೇಳಿದರೆ ಬಂಧುಗಳ ಸಂಕಟ ಅರ್ಧ ಇಳಿಯುತ್ತದೆ. ಹಾಗೆಯೇ, ತಮ್ಮ ಕಣ್ಣಿಗೆ ಮುಖ ಕಾಣಬೇಕೆಂಬ ಆಸೆ ರೋಗಿಯ ಉಸಿರಿಗಿಂತ ದೊಡ್ಡದಾಗಬಾರದೆಂಬ ವಿವೇಕ ಬಂಧುಗಳಲ್ಲಿಯೂ ಇರಬೇಕು. ಪ್ರೀತಿಯಲ್ಲಿ ಬೆರೆತ ಮೋಹವನ್ನು ಬೇರ್ಪಡಿಸುವ ಕಠಿಣ ಗಳಿಗೆ ಅದು.

ಭಾರತದಲ್ಲಿ ಈ ಚಿಕಿತ್ಸೆಯ ಹೆಸರು ಮನೆಮನೆಗೆ ತಲುಪಿದ್ದು 2021ರ ಏಪ್ರಿಲ್ ತಿಂಗಳಲ್ಲಿ. ಕೋವಿಡ್‌ನ ಎರಡನೆಯ ಅಲೆಯಲ್ಲಿ ಹಾಸಿಗೆಗಳೂ ಆಮ್ಲಜನಕವೂ ಸಾಲದಾದಾಗ, ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದ, ಎಚ್ಚರವಿರುವ ರೋಗಿಗಳು ಮನೆಯಲ್ಲಿಯೇ ದಿಂಬುಗಳ ಆಸರೆಯಿಂದ ಬೋರಲಾಗಿ ಮಲಗುವ ಕ್ರಮವನ್ನು ಕೇಂದ್ರ ಆರೋಗ್ಯ ಸಚಿವಾಲಯ ಚಿತ್ರಸಹಿತ ಪ್ರಕಟಿಸಿತು. ಕುತ್ತಿಗೆಯ ಕೆಳಗೊಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಮೊಣಕಾಲಿನ ಕೆಳಭಾಗಕ್ಕೆ ಎರಡು. ಊಟವಾದ ಒಂದು ಗಂಟೆಯವರೆಗೆ ಬೇಡ, ಗರ್ಭಿಣಿಯರಿಗೆ ಬೇಡ ಎಂಬ ಎಚ್ಚರಿಕೆಗಳೂ ಅದರಲ್ಲಿದ್ದುವು. ಇಂಥ ಎಚ್ಚರವಿರುವ ರೋಗಿಗಳ ಕುರಿತು ಆರು ದೇಶಗಳಲ್ಲಿ ನಡೆದು ಅದೇ ವರ್ಷ ಪ್ರಕಟವಾದ, 1,121 ಮಂದಿಯನ್ನೊಳಗೊಂಡ ಅಧ್ಯಯನದಲ್ಲಿ ನಳಿಕೆ ಹಾಕಬೇಕಾಗಿ ಬಂದವರು ಅಥವಾ ಮೃತರಾದವರು ಸಾಮಾನ್ಯ ಚಿಕಿತ್ಸೆಯಲ್ಲಿ ಶೇಕಡ 46, ಬೋರಲು ಮಲಗಿದವರಲ್ಲಿ ಶೇಕಡ 40. ನಳಿಕೆಯ ಅಗತ್ಯ ಇಳಿಯಿತು. ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಮನೆಯ ದಿಂಬು ಆಸ್ಪತ್ರೆಗೆ ಬದಲಿಯಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಈ ಚಿಕಿತ್ಸೆ ಎಲ್ಲರನ್ನೂ ಉಳಿಸುವುದಿಲ್ಲ. 2013ರ ಅಧ್ಯಯನದಲ್ಲಿಯೂ ಬೋರಲಾಗಿಸಿದವರಲ್ಲಿ ಶೇಕಡ 23.6 ಮಂದಿ 90 ದಿನಗಳೊಳಗೆ ತೀರಿಕೊಂಡರು. ಬೆನ್ನುಮೂಳೆ ಮುರಿದವರಂಥ ಕೆಲವರನ್ನು ಮಗುಚಲೂ ಆಗದು. ಹಾಗಾದರೆ ಅಂತ್ಯ ಸಮೀಪಿಸಿದಾಗ ಈ ಹೋರಾಟ ಬೇಕೇ, ಸಲ್ಲೇಖನದ ಪರಂಪರೆಯುಳ್ಳವರಿಗೆ ಇದು ಒಪ್ಪುವುದೇ ಎಂದು ಕೇಳುವವರುಂಟು. ಸಲ್ಲೇಖನವು ಪೂರ್ಣ ಎಚ್ಚರದಲ್ಲಿ, ಸ್ವತಃ ಸಂಕಲ್ಪಿಸಿ, ಕಷಾಯಗಳನ್ನು ಕೃಶಗೊಳಿಸುತ್ತ ಸ್ವೀಕರಿಸುವ ವ್ರತ. ಪ್ರಜ್ಞೆಯಿಲ್ಲದವನ ಪರವಾಗಿ ಇನ್ನೊಬ್ಬರು ಅದನ್ನು ಸ್ವೀಕರಿಸಲಾಗದು. ಚಿಕಿತ್ಸೆಯ ಕೊರತೆಗೆ ಆ ಹೆಸರನ್ನಿಡುವುದು ವ್ರತಕ್ಕೂ ಅಪಚಾರ, ರೋಗಿಗೂ ಅನ್ಯಾಯ. ಇನ್ನು ಯಾವ ಪ್ರಯತ್ನವೂ ಫಲಿಸದೆಂದು ಬಲ್ಲ ವೈದ್ಯರು ನಿರ್ಣಯಿಸಿದ ಮೇಲೆ ಮಗುಚುವುದನ್ನು ನಿಲ್ಲಿಸುವುದು ಬೇರೆಯ ಮಾತು. ಅಲ್ಲಿಯೂ ಬಾಯಿ ಒರೆಸುವ, ಕೈ ಹಿಡಿಯುವ ಸೇವೆ ನಿಲ್ಲಬೇಕಾಗಿಲ್ಲ.

ದಾನಶೀಲ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಇದರಿಂದ ತಿಳಿಯಬೇಕಾದುದೊಂದಿದೆ. ಔಷಧದಾನ, ಅಭಯದಾನಗಳ ಹೆಸರಿನಲ್ಲಿ ಯಂತ್ರಗಳನ್ನು ಕೊಡುವುದು ಪ್ರಶಂಸನೀಯ. ಯಂತ್ರ ಕಣ್ಣಿಗೆ ಕಾಣುತ್ತದೆ. ಅದರ ಮೇಲೆ ದಾನಿಯ ಹೆಸರನ್ನೂ ಬರೆಸಬಹುದು. ಆದರೆ ನಡೆಸಬಲ್ಲ ಸಿಬ್ಬಂದಿಯಿಲ್ಲದೆ ವೆಂಟಿಲೇಟರ್‌ಗಳು ಬಳಕೆಯಾಗದೆ ಉಳಿದ ಸುದ್ದಿ 2021ರಲ್ಲಿ ದೇಶದ ಹಲವೆಡೆಗಳಿಂದ ಬಂದಿತು. ರೋಗಿಯನ್ನು ಮಗುಚಲು ಬೇಕಾದ ಐದನೆಯ ಜೊತೆ ಕೈಗಳ ಮೇಲೆ ಯಾರ ಹೆಸರನ್ನೂ ಬರೆಸಲಾಗದು. ದಾದಿಯರ ತರಬೇತಿ, ರಾತ್ರಿಪಾಳಿಗೆ ಹೆಚ್ಚಿನ ಸಹಾಯಕರ ಸಂಬಳ, ಒಳ್ಳೆಯ ಮೆತ್ತೆಗಳು, ಬಂಧುಗಳಿಗೆ ತಿಳಿಸಿ ಹೇಳಬಲ್ಲ ಒಬ್ಬ ಸಮಾಧಾನಚಿತ್ತರು, ಇವುಗಳಿಗೆ ಸಲ್ಲುವ ಹಣ ಕಣ್ಣಿಗೆ ಕಾಣದೆ ಕರಗುತ್ತದೆ. ಕೀರ್ತಿಯ ಆಸೆ ಸೇರದ ದಾನವೇ ಶ್ರೇಷ್ಠವೆಂದು ಒಪ್ಪುವವರಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರ ದೊರೆಯುವುದು ವಿರಳ.

ಮಾಡದಿರುವುದೂ ಹಿಂಸೆಯೇ ಎಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರಿಸಬಹುದು. ಅರಿಯದೆ ಬಿಟ್ಟದ್ದು, ಅರಿಯುವ ಪ್ರಯತ್ನ ಪ್ರಾಮಾಣಿಕವಾಗಿ ನಡೆದಿದ್ದರೆ, ಹಿಂಸೆಯಲ್ಲ. ಅರಿಯಬಹುದಾದುದನ್ನು ಅರಿಯಲು ಯತ್ನಿಸದಿರುವುದು ಪ್ರಮಾದ. ಅರಿತು, ಶಕ್ತಿಯಿದ್ದೂ ಬಿಟ್ಟದ್ದರಿಂದ ಪ್ರಾಣಕ್ಕೆ ಹಾನಿಯಾದರೆ ಅದು ಹಿಂಸೆಯೇ. ಶಕ್ತಿಯೇ ಇಲ್ಲದವರ ಮೇಲೆ, ಇಬ್ಬರೇ ದಾದಿಯರಿರುವ ರಾತ್ರಿಯ ವಾರ್ಡಿನ ಮೇಲೆ, ಆ ದೋಷವನ್ನು ಹೊರಿಸಲಾಗದು. ಆ ಶಕ್ತಿಯನ್ನು ಒದಗಿಸಬಲ್ಲವರಾಗಿದ್ದೂ ಒದಗಿಸದವರಿಗೆ ಅದರ ಪಾಲು ಸಲ್ಲುತ್ತದೆ. ಆಸ್ಪತ್ರೆಯ ಆಡಳಿತ, ಸರ್ಕಾರ, ಸಮಾಜದ ಧನಿಕರು ಯಾರೂ ಈ ಲೆಕ್ಕದಿಂದ ಹೊರಗಿಲ್ಲ. ಒಬ್ಬನ ಉಸಿರಿಗಾಗಿ ಐವರು ಒಂದೇ ಎಣಿಕೆಗೆ ಕೈಗೂಡಿಸಬೇಕೆಂಬ ನಿಯಮದಲ್ಲಿ, ಜೀವಗಳು ಒಂದಕ್ಕೊಂದು ಆಸರೆಯಾಗಿ ಬಾಳಬೇಕೆಂಬ ಹಳೆಯ ಉಪದೇಶದ ಆಚರಣೆ ದಿನವೂ ಮೌನವಾಗಿ ನಡೆಯುತ್ತಿದೆ. ಆ ಐವರು ಪ್ರತಿ ಪಾಳಿಯಲ್ಲಿಯೂ ಇರುವಂತೆ ನೋಡಿಕೊಳ್ಳುವುದು ಉಳಿದವರ ಧರ್ಮ.